ಟಕ್ ಅಂದ ಪಕ್ಕೆ

ಹೊಸದಾಗಿ ಬಣ್ಣ ಬಳಿದ ದೋಣಿಯನ್ನು ನೀರಿಗಿಳಿಸಲು ನನಗೆ ಮನಸ್ಸೇ ಬರುತ್ತಿರಲಿಲ್ಲ. ನನ್ನದು 16 ಅಡಿಯ ಹಳೆಯ ಕೆನೂ, ಅಂದರೆ ಹುಟ್ಟು ಹಾಕಿ ನಡೆಸುವ ಉದ್ದನೆಯ ಕಿರುದೋಣಿ. ಒಳಗೆ ಸೀಡರ್ ಮರದ ಮೈ, ಹೊರಗೆ ಕ್ಯಾನ್ವಾಸ್ ಹೊದಿಕೆ. ಅದರ ರಿಪೇರಿಗೆ ಎರಡು ವರ್ಷದ ರಜೆಗಳೆಲ್ಲ ಖರ್ಚಾಗಿದ್ದವು. ಮೈಗೆ ಒಳಗಿಂದ ಆಸರೆ ಕೊಡುವ ಬಾಗಿದ ಮರದ ಪಟ್ಟಿಗಳೇ ಪಕ್ಕೆಗಳು. ಅವುಗಳಲ್ಲಿ ಮೂರನ್ನು ಬದಲಿಸಿದ್ದೆ. ಹಬೆಯಲ್ಲಿ ಬೆಂದ ಪಟ್ಟಿಯನ್ನು ಹೊರಗೆ ತೆಗೆದ ತಕ್ಷಣ ಬಗ್ಗಿಸಬೇಕು. ಸ್ವಲ್ಪ ಆರಿದರೂ ಕೈಯಲ್ಲೇ ಮುರಿಯುತ್ತದೆ. ಮೂರು ಪಕ್ಕೆಗೆ ಏಳು ಪಟ್ಟಿ ಹಾಳು ಮಾಡಿದ್ದೆ. ಆಮೇಲೆ ಕ್ಯಾನ್ವಾಸಿನ ನೇಯ್ಗೆ ಮುಚ್ಚುವ ಲೇಪ ಒಣಗಲಿ ಅಂತ ವಾರಗಟ್ಟಲೆ ಕಾದದ್ದು ಬೇರೆ.

ಅಷ್ಟೆಲ್ಲ ಮಾಡಿದ ಮೇಲೆ ಗೆಳೆಯನೊಬ್ಬ ಕೇಳಿದ: "ಷೆಡ್ಡಿನಲ್ಲಿ ಇಟ್ಟು ಪೂಜೆ ಮಾಡ್ತೀಯಾ?" ಹಾಗಾಗಿ ಮರದ ದೋಣಿ ಇಟ್ಟುಕೊಂಡವರು ನದಿ ದಡದಲ್ಲಿ ಸೇರುವ ಎರಡು ದಿನದ ಕೂಟಕ್ಕೆ ಹೊರಟೆ. ಕಾರಿನ ಮೇಲೆ ದೋಣಿಯನ್ನು ಬೋರಲಾಗಿಸಿ, ನಡುವೆ ಎರಡು ಪಟ್ಟಿ ಬಿಗಿದು, ಮುಂದೆ ಹಿಂದೆ ಹಗ್ಗ ಕಟ್ಟಿದೆ. ದಾರಿಯುದ್ದಕ್ಕೂ ಆ ಪಟ್ಟಿಗಳು ಗಾಳಿಗೆ ಭೊರ್ ಅಂತ ಗುಂಯ್‌ಗುಟ್ಟುತ್ತಲೇ ಇದ್ದವು. ತಲೆ ಕೆಟ್ಟುಹೋಯಿತು.

ದಡದಲ್ಲಿ ಇಪ್ಪತ್ತಕ್ಕೂ ಜಾಸ್ತಿ ದೋಣಿಗಳು ಬೋರಲು ಮಲಗಿದ್ದವು. ಯಾರೂ ಕೈಕಟ್ಟಿ ದೂರ ನಿಂತು ನೋಡುವವರಲ್ಲ. ಬಗ್ಗಿ ಒಳಗೆ ತಲೆ ಹಾಕುತ್ತಾರೆ, ಹಿತ್ತಾಳೆ ಮೊಳೆಗಳ ಸಾಲಿನ ಮೇಲೆ ಬೆರಳಾಡಿಸುತ್ತಾರೆ. ಈ ಮೊಳೆಗಳದ್ದೇ ಒಂದು ಚಂದ. ದೋಣಿಯನ್ನು ಬೋರಲು ಅಚ್ಚಿನ ಮೇಲೆ ಕಟ್ಟುತ್ತಾರೆ: ಮೊದಲು ಪಕ್ಕೆ, ಅದರ ಮೇಲೆ ಹೊರಮೈಯ ಹಲಗೆ. ಅಚ್ಚಿನ ಮೇಲೆ ಪ್ರತಿ ಪಕ್ಕೆಯ ಕೆಳಗೂ ಒಂದು ಲೋಹದ ಪಟ್ಟಿ ಇರುತ್ತದೆ. ಹೊರಗಿನಿಂದ ಹೊಡೆದ ಮೊಳೆಯ ತುದಿ ಆ ಪಟ್ಟಿಗೆ ತಾಗಿ, ತಿರುಗಿ ಮರಕ್ಕೇ ಕಚ್ಚಿಕೊಳ್ಳುತ್ತದೆ. ಉತ್ತರ ಅಮೆರಿಕದ ಮೂಲನಿವಾಸಿಗಳ ಬರ್ಚ್ ತೊಗಟೆಯ ದೋಣಿಯಲ್ಲಿ ಇದು ಪೂರಾ ಉಲ್ಟಾ. ಅಲ್ಲಿ ಮೊದಲು ತೊಗಟೆಯ ಚರ್ಮ, ಆಮೇಲೆ ಪಕ್ಕೆ. ಮೊಳೆಯೇ ಇಲ್ಲ, ಬೇರಿನ ಹೊಲಿಗೆ. 19ನೇ ಶತಮಾನದ ಕೊನೆಯ ಹೊತ್ತಿಗೆ ಅಮೆರಿಕದ ಮೇನ್ ರಾಜ್ಯದಲ್ಲಿ ತೊಗಟೆಯ ಜಾಗಕ್ಕೆ ಕ್ಯಾನ್ವಾಸ್ ಬಂತು. ಆಕಾರ ಮಾತ್ರ ಅವರದ್ದೇ ಉಳಿಯಿತು.

ಸರಿ, ನನ್ನ ಎಡವಟ್ಟಿಗೆ ಬರುತ್ತೇನೆ. ದೋಣಿಯ ಮೂತಿ ನೀರಲ್ಲಿತ್ತು, ಹಿಂಬದಿ ಇನ್ನೂ ದಡದ ಕಲ್ಲಿನ ಮೇಲಿತ್ತು. ಬೂಟು ಒದ್ದೆಯಾಗಬಾರದು ಅಂತ ಹಾಗೆಯೇ ನಡುವೆ ಕಾಲಿಟ್ಟೆ. ಟಕ್! ಎಷ್ಟು ಸಣ್ಣ ಸದ್ದು ಅಂದರೆ ಪಕ್ಕದವರಿಗೆ ಕೇಳಿರಲಿಕ್ಕಿಲ್ಲ. ನನಗೆ ಮಾತ್ರ ಎದೆಯೊಳಗೇ ಏನೋ ಮುರಿದಂತಾಯಿತು. ಕೆಳಗೆ ನೀರಿನ ಆಸರೆ ಇಲ್ಲದ ಕಡೆ ನನ್ನ ಭಾರವೆಲ್ಲ ಎಂಟು ಮಿಲಿಮೀಟರ್ ದಪ್ಪದ ಒಂದು ಪಕ್ಕೆಯ ಮೇಲೆ ಬಿದ್ದಿತ್ತು. ಅಡ್ಡಡ್ಡಲಾಗಿ ಕೂದಲೆಳೆಯಂಥ ಬಿರುಕು. ಅದೂ ನಾನೇ ಹಾಕಿದ್ದ ಹೊಸ ಪಕ್ಕೆಯಲ್ಲಿ.

ಒಬ್ಬ ಹಿರಿಯರು ನೀರಿಗಿಳಿದು ಬಂದರು. ಮೊಣಕಾಲವರೆಗೆ ಒದ್ದೆ. ಬಿರುಕಿನ ಮೇಲೆ ಉಗುರು ಎಳೆದು ನೋಡಿದರು.

"ನೀರು ತಡೆಯೋದು ಕ್ಯಾನ್ವಾಸು, ಪಕ್ಕೆಯಲ್ಲ. ದೋಣಿ ಹತ್ತಿ, ಏನಾಗಲ್ಲ."

"ಇದನ್ನ ಸರಿ ಮಾಡೋದು ಯಾವಾಗ ಸಾರ್?"

"ಮುಂದಿನ ಸಲ ಕ್ಯಾನ್ವಾಸ್ ಬಿಚ್ತೀರಲ್ಲ, ಆವಾಗ. ಇಲ್ಲಿ ಪಕ್ಕೆ ಬಿರುಕು ಬಿಡದ ದೋಣಿ ಯಾವುದಿದೆ ಹೇಳಿ? ಮೊದಲು ಪೂರ್ತಿ ತೇಲಿಸಿ, ಆಮೇಲೆ ಕಾಲಿಡಿ. ಬೂಟು ಒದ್ದೆಯಾಗಲಿ ಬಿಡಿ."

ವಿಚಿತ್ರ ಅಂದರೆ, ಆ ಬಿರುಕು ಬಿದ್ದ ಮೇಲೆ ನನ್ನ ಹೆದರಿಕೆ ಹೋಯಿತು. ಅಲ್ಲಿಯವರೆಗೆ ಯಾರಿಗೂ ಮುಟ್ಟಲು ಬಿಡದ ದೋಣಿಯನ್ನು ಆ ದಿನ ನಾಲ್ಕು ಜನರಿಗೆ ಕೊಟ್ಟೆ. ಬದಲಿಗೆ ಅವರ ದೋಣಿಗಳನ್ನು ಹತ್ತಿದೆ. ಸೀಡರ್ ಪಟ್ಟಿಗಳನ್ನು ಅಂಟಿಸಿ, ಒಳಗೂ ಹೊರಗೂ ಗಾಜಿನ ನಾರಿನ ಬಟ್ಟೆ ಮತ್ತು ಎಪಾಕ್ಸಿ ಅಂಟು ಹಾಕಿದ್ದು ಒಂದಿತ್ತು. ಎತ್ತಲು ಹಗುರ, ನೋಡಲು ಕನ್ನಡಿ. ಆದರೆ ಅಲೆ ಬಡಿದಾಗ ಡಬ್ಬಿ ತಟ್ಟಿದಂಥ ಸದ್ದು. ನನಗೆ ಕ್ಯಾನ್ವಾಸಿನ ಮೆತ್ತನೆ ಸದ್ದೇ ಇಷ್ಟ. ಇದು ಪಕ್ಷಪಾತ ಅಂತ ಗೊತ್ತು.

ಒಬ್ಬನೇ ಹೋಗುವಾಗ ನಾನು ಹಿಂದಿನ ಸೀಟಿನಲ್ಲಿ ಕೂರುತ್ತಿದ್ದೆ, ಮೂತಿ ಆಕಾಶ ನೋಡುತ್ತಿತ್ತು. ಗಾಳಿ ಬಂದರೆ ದೋಣಿ ಗಿರಕಿ ಹೊಡೆಯುತ್ತಿತ್ತು. ಅದನ್ನು ಕಂಡ ಒಬ್ಬಾಕೆ ದಡದಿಂದಲೇ ಕೂಗಿದರು: "ಮುಂದಿನ ಸೀಟಲ್ಲಿ ಉಲ್ಟಾ ಕೂತ್ಕೊಳ್ಳಿ!" ಎರಡೂ ತುದಿ ಒಂದೇ ಥರ ಇರುವ ದೋಣಿ, ಮುಂದಿನ ಸೀಟು ನಡುವಿಗೆ ಹತ್ತಿರ. ತಿರುಗಿ ಕೂತೆ. ದೋಣಿ ಸಮನಾಗಿ ಕೂತಿತು. ಹುಟ್ಟು ಎಳೆದ ಮೇಲೆ ಕೊನೆಗೆ ಅದರ ಅಲಗನ್ನು ಹೊರಕ್ಕೆ ಸ್ವಲ್ಪ ತಿರುಚಿ ತಳ್ಳಿದರೆ ನೇರ ಹೋಗುತ್ತದೆ. ಅದುವರೆಗೆ ಬಾರದ ವಿದ್ಯೆ, ಕೂರುವ ಜಾಗ ಬದಲಾದ ಅರ್ಧ ಗಂಟೆಗೆ ಬಂತು.

ತಳಕ್ಕೆ ಅರಗು ಹಚ್ಚುವುದನ್ನು ಕಲಿತದ್ದೂ ಅಲ್ಲೇ. ಮರಕ್ಕೆ ಹೊಳಪು ಕೊಡುವ ಫ್ರೆಂಚ್ ಪಾಲಿಶ್‌ಗೆ ಬಳಸುತ್ತಾರಲ್ಲ, ಅದೇ. ಕಲ್ಲಿಗೆ ಉಜ್ಜಿದರೆ ಬಣ್ಣದ ಬದಲು ಅರಗು ಸವೆಯುತ್ತದೆ. ಮತ್ತೊಂದು ಕೈ ಬಳಿದರೆ ಆಯಿತು.

ಭಾನುವಾರ ದೋಣಿಯನ್ನು ಕಾರಿಗೇರಿಸಿದಾಗ ತಳದಲ್ಲಿ ಮೂರು ಉದ್ದನೆ ಗೀರು ಎಣಿಸಿದೆ. ಪಟ್ಟಿ ಬಿಗಿಯುತ್ತಿದ್ದಾಗ ಪಕ್ಕದ ಕಾರಿನವರು ಸುಮ್ನೆ ಕೈ ಹಾಕಿ, ಅದಕ್ಕೆ ಅರ್ಧ ಸುತ್ತು ತಿರುಚು ಕೊಟ್ಟು ಹೋದರು. ವಾಪಸ್ ದಾರಿಯಲ್ಲಿ ಪಟ್ಟಿ ಉಸಿರೆತ್ತಲಿಲ್ಲ.