ಚರ್ಮದ ಕ್ಯಾನ್ಸರ್: ಮುಖ ಅಷ್ಟೇ ಅಲ್ಲ, ಅಂಗಾಲೂ ನೋಡಿ

ಚರ್ಮದ ಕ್ಯಾನ್ಸರ್ ಅಂದ ಕೂಡಲೇ ಜನ ಮುಖ, ತೋಳು ನೋಡಿಕೊಳ್ಳುತ್ತಾರೆ. ಒಂದು ಸನ್‌ಸ್ಕ್ರೀನ್ ತಂದಿಟ್ಟು ಸಮಾಧಾನ ಮಾಡಿಕೊಳ್ಳುತ್ತಾರೆ. ನಮ್ಮ ಕಂದು ಮೈಗೆ ಈ ಕಾಯಿಲೆ ಅಪರೂಪ, ನಿಜ. ಆದರೆ ಇದರಲ್ಲೇ ತುಂಬಾ ಅಪಾಯದ್ದಾದ ಮೆಲನೋಮಾ ನಮ್ಮಂಥವರಿಗೆ ಬಂದರೆ ಹೆಚ್ಚಾಗಿ ಅಂಗಾಲಲ್ಲಿ, ಅಂಗೈಯಲ್ಲಿ, ಉಗುರಿನಡಿಯಲ್ಲಿ ಬರುತ್ತದೆ. ಅಲ್ಲಿ ಯಾರು ನೋಡುತ್ತಾರೆ? ಆಣಿ (ಕಾರ್ನ್) ಅಂತಲೋ, ಏಟು ಬಿದ್ದದ್ದು ಅಂತಲೋ ತಿಂಗಳುಗಟ್ಟಲೆ ಸುಮ್ನೆ ಬಿಡುತ್ತಾರೆ.

ತಿಂಗಳಿಗೊಮ್ಮೆ, ಸ್ನಾನ ಆದ ಮೇಲೆ, ಕಿಟಕಿ ಬೆಳಕಲ್ಲಿ ಕೂತು ಪರೀಕ್ಷೆ ಮಾಡಿಕೊಳ್ಳಿ. ನೇಲ್ ಪಾಲಿಶ್ ತೆಗೆದಿರಬೇಕು. ಕಾಲಿಗೆ ಮದರಂಗಿ ಹಚ್ಚಿದ್ದರೆ ಅದು ಮಾಸಿದ ಮೇಲೆ ನೋಡಿ.

ಮೊದಲು ಮುಖ, ಕಿವಿಯ ಹಿಂದೆ, ಕುತ್ತಿಗೆ, ಬೆನ್ನು. ಮೂಗಿನ ಪಕ್ಕ ಅಥವಾ ಕಣ್ಣಿನ ಹತ್ತಿರ ಅಂಚು ಹೊಳೆಯುವ ಕಪ್ಪು ಗುಳ್ಳೆ ಇದ್ದು, ಮುಖ ಒರೆಸುವಾಗ ರಕ್ತ ಒಸರಿ ಮತ್ತೆ ಹಕ್ಕಳೆ ಕಟ್ಟುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಹಳೆಯ ಸುಟ್ಟ ಗಾಯದ ಕಲೆ ಇದ್ದವರು ಅದನ್ನೂ ಮುಟ್ಟಿ ನೋಡಿ. ಎಷ್ಟೋ ವರ್ಷ ಸುಮ್ಮನಿದ್ದ ಕಲೆಯಲ್ಲಿ ಹೊಸದಾಗಿ ಹುಣ್ಣಾಗಿ, ಅದು ಒಂದು ತಿಂಗಳಾದರೂ ಮಾಯದಿದ್ದರೆ ‘ಶುಗರ್ ಇದೆ, ಅದಕ್ಕೇ’ ಅಂತ ತಳ್ಳಿಹಾಕಬೇಡಿ.

ಈಗ ಅಂಗಾಲು. ಎಲ್ಲರೂ ಎಡವುವುದು ಇಲ್ಲೇ. ಹಿಮ್ಮಡಿ ಉಜ್ಜಿ ಒಣಗಿಸಿ, ಕನ್ನಡಿಯನ್ನು ನೆಲದ ಮೇಲಿಟ್ಟು ನೋಡಿ. ಬಗ್ಗಲು ಆಗದವರಿಗೆ ಮನೆಯವರು ನೋಡಲಿ. ಅಮ್ಮ, ಅಜ್ಜಿಯರ ಕಾಲನ್ನು ನೀವೇ ನೋಡಿ, ಅವರಾಗಿ ತೋರಿಸುವುದಿಲ್ಲ. ಬೆರಳ ಸಂದು ಒಂದೊಂದನ್ನೂ ಬಿಡಿಸಿ. ಆಣಿ ತುಳಿದರೆ ಚುಚ್ಚುತ್ತದೆ, ಅದಕ್ಕೆ ಬೇರೆ ಬಣ್ಣ ಇರುವುದಿಲ್ಲ. ಮೆಲನೋಮಾ ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದೇ ಇಲ್ಲ. ನೋವಿಲ್ಲ ಅನ್ನುವುದನ್ನು ಧೈರ್ಯಕ್ಕೆ ಕಾರಣ ಮಾಡಿಕೊಳ್ಳಬೇಡಿ. ಹೊಸದಾಗಿ ಬಂದ ಚುಕ್ಕೆ, ಅಂಚು ಅಂಕುಡೊಂಕಾದದ್ದು, ಒಂದೇ ಮಚ್ಚೆಯಲ್ಲಿ ಕಂದು, ಕಪ್ಪು, ಬೂದು ಬಣ್ಣ ಕಲೆತದ್ದು, 6 ಮಿಲಿಮೀಟರ್‌ಗಿಂತ ದೊಡ್ಡದಾದದ್ದು, ದಿನೇ ದಿನೇ ಬೆಳೆಯುವುದು: ಯಾವ ಒಂದಿದ್ದರೂ ತೋರಿಸಿ. ಕಪ್ಪಾಗೇ ಇರಬೇಕೆಂದೂ ಇಲ್ಲ. ಗುಲಾಬಿ ಬಣ್ಣದ ಹಸಿ ಮಾಂಸದಂತೆ ಎದ್ದು ರಕ್ತ ಬರುತ್ತಿದ್ದರೂ ಅನುಮಾನ ಪಡಬೇಕು. ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೋ ತೆಗೆದಿಡಿ. ಕಣ್ಣಂದಾಜನ್ನು ನಂಬುವುದಕ್ಕಿಂತ ಇದು ಎಷ್ಟೋ ವಾಸಿ.

ಉಗುರಿನದು ಇನ್ನೂ ಸೂಕ್ಷ್ಮ. ಕಂದು ಮೈಯವರಿಗೆ ಹಲವು ಉಗುರುಗಳಲ್ಲಿ ತೆಳು ಕಂದು ಗೆರೆ ಇರುವುದು ಸಹಜ. ಒಂದೇ ಉಗುರಲ್ಲಿ, ಅದರಲ್ಲೂ ಹೆಬ್ಬೆರಳಲ್ಲಿ, ಹೊಸ ಗೆರೆ ಬಂದು ಅಗಲವಾಗುತ್ತಿದ್ದರೆ ಎಚ್ಚರ. ಗೆರೆಯ ಕಪ್ಪು ಉಗುರಿನ ಬುಡದ ಚರ್ಮಕ್ಕೂ ಹರಿದಿದ್ದರೆ ಅದೇ ವಾರ ಹೋಗಿ. ಬಾಗಿಲಿಗೆ ಸಿಕ್ಕಿ ರಕ್ತ ಕಟ್ಟಿದ್ದಾದರೆ ಆ ಕಲೆ ಉಗುರಿನ ಜೊತೆ ಮುಂದೆ ಸರಿಯುತ್ತದೆ, ಬುಡದಲ್ಲಿ ತಿಳಿ ಉಗುರು ಕಾಣಿಸುತ್ತದೆ. ಕಾಲುಗುರು ತಿಂಗಳಿಗೆ ಒಂದೂವರೆ ಮಿಲಿಮೀಟರ್ ಆಸುಪಾಸು ಬೆಳೆಯುತ್ತದಷ್ಟೆ. ಎರಡು ತಿಂಗಳ ಫೋಟೋ ಪಕ್ಕಪಕ್ಕ ಇಟ್ಟರೆ ಸರಿದಿದೆಯೋ ಇಲ್ಲವೋ ಗೊತ್ತಾಗುತ್ತದೆ. ಏಟು ಬಿದ್ದದ್ದೇ ನೆನಪಿಲ್ಲ ಅಂದರೆ ಕಾಯುವುದೂ ಬೇಡ. ಜಮೈಕಾದ ಗಾಯಕ ಬಾಬ್ ಮಾರ್ಲಿಯ ಕಾಲ್ಬೆರಳ ಗಾಯ ಮೊದಲು ಫುಟ್‌ಬಾಲ್ ಆಡುವಾಗ ಆದದ್ದು ಅನ್ನಿಸಿತ್ತು. 1977ರಲ್ಲಿ ಅದು ಉಗುರಿನಡಿಯ ಮೆಲನೋಮಾ ಅಂತ ಗೊತ್ತಾಯಿತು. 1981ರಲ್ಲಿ ತೀರಿಕೊಂಡಾಗ ಅವರಿಗೆ 36 ವರ್ಷ.

ಅನುಮಾನದ ಚುಕ್ಕೆಗೆ ಕಾರ್ನ್ ಪ್ಲಾಸ್ಟರ್ ಅಂಟಿಸಬೇಡಿ. ಸುಣ್ಣ–ಸೋಡಾ ಹಚ್ಚಬೇಡಿ. ನರುಳ್ಳೆ ಉದುರಿಸುತ್ತೇವೆ ಅಂತ ಮಾರುವ ಸುಡುವ ದ್ರವಗಳಂತೂ ಬೇಡವೇ ಬೇಡ. ಮೇಲಿನದು ಸುಟ್ಟು ಹೋಗುತ್ತದೆ, ಅಡಿಯಲ್ಲಿರುವುದು ಬೆಳೆಯುತ್ತಲೇ ಇರುತ್ತದೆ. ಪಾರ್ಲರ್‌ನಲ್ಲಿ ಮಚ್ಚೆ ಸುಡಿಸುವುದೂ ಅಷ್ಟೇ ತಪ್ಪು. ಪರೀಕ್ಷೆಗೆ ಕಳಿಸಲು ಏನೂ ಉಳಿಯುವುದಿಲ್ಲ.

ಡರ್ಮೋಸ್ಕೋಪ್, ಅಂದರೆ ಚರ್ಮವನ್ನು ದೊಡ್ಡದಾಗಿ ತೋರಿಸುವ ಬೆಳಕಿನ ಮಸೂರ, ಇರುವ ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಅಂಗಾಲಿನ ಚರ್ಮ ಉತ್ತ ಹೊಲದ ಹಾಗೆ ಏರು–ತಗ್ಗಿನ ಸಾಲು. ಸಾಮಾನ್ಯ ಮಚ್ಚೆಯ ಬಣ್ಣ ಹೆಚ್ಚಾಗಿ ತಗ್ಗಿನ ಗೆರೆಯಲ್ಲಿರುತ್ತದೆ, ಮೆಲನೋಮಾದ್ದು ಏರಿನ ಮೇಲೆ. ಈ ವ್ಯತ್ಯಾಸ ಬರಿಗಣ್ಣಿಗೆ ಸಿಗುವುದು ಕಷ್ಟ.

ಬಿಸಿಲಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಅಂಗಾಲಿನ ಮೆಲನೋಮಾವನ್ನು ಸನ್‌ಸ್ಕ್ರೀನ್ ತಡೆಯುವುದಿಲ್ಲ. ಅಲ್ಲಿ ನಿಮ್ಮ ಕಣ್ಣೇ ಕಾವಲು. ಆದರೆ ಆಲ್ಬಿನಿಸಂ (ಹುಟ್ಟಿನಿಂದಲೇ ಚರ್ಮಕ್ಕೆ ಬಣ್ಣ ಇಲ್ಲದಿರುವುದು) ಇರುವವರು, ಕಿಡ್ನಿ ಕಸಿ ಮಾಡಿಸಿಕೊಂಡು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ನುಂಗುತ್ತಿರುವವರು ಬಿಸಿಲಿಂದ ಕಟ್ಟುನಿಟ್ಟಾಗಿ ದೂರ ಇರಬೇಕು. ಮಧ್ಯಾಹ್ನ ನಿಮ್ಮ ನೆರಳು ನಿಮಗಿಂತ ಗಿಡ್ಡ ಇರುವಷ್ಟು ಹೊತ್ತು ಕೊಡೆ, ತುಂಬುತೋಳಿನ ಹತ್ತಿ ಅಂಗಿ ಇರಲಿ. ಕ್ರೀಮಿಗಿಂತ ನನ್ನ ಓಟು ಅವಕ್ಕೇ. ಕ್ರೀಮ್ ಹಚ್ಚುವುದಾದರೆ ಎಸ್‌ಪಿಎಫ್ 30ಕ್ಕಿಂತ ಕಡಿಮೆಯದು ಬೇಡ. ಮುಖ, ಕುತ್ತಿಗೆಗೇ ಎರಡು ಬೆರಳುದ್ದ ಬೇಕು, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬೆಳ್ಳಗಾಗುತ್ತೀರಿ ಅಂತ ಮಾರುವ ಕ್ರೀಮುಗಳಿಗೂ ಇದಕ್ಕೂ ಸಂಬಂಧವಿಲ್ಲ.

ಡಾಕ್ಟರ್ ಬಯಾಪ್ಸಿ (ಪರೀಕ್ಷೆಗೆ ಚರ್ಮ ಕತ್ತರಿಸಿ ತೆಗೆಯುವುದು) ಬೇಕು ಅಂದರೆ ಓಡಿಹೋಗಬೇಡಿ. ಚಾಕು ತಾಗಿದರೆ ಕ್ಯಾನ್ಸರ್ ಹರಡುತ್ತದೆ ಅನ್ನುವುದು ಸುಳ್ಳು. ಆ ಹೆದರಿಕೆಯಲ್ಲಿ ಕಳೆದ ತಿಂಗಳುಗಳೇ ಅದನ್ನು ಹರಡಿಸುವುದು. ತೆಗೆದ ಮಚ್ಚೆ ಲ್ಯಾಬಿಗೆ ಹೋಗುತ್ತದಲ್ವಾ ಅಂತ ಕೇಳಿ ಖಚಿತ ಮಾಡಿಕೊಳ್ಳಿ. ಮೆಲನೋಮಾ ಅಂತ ಬಂದರೆ ಎಷ್ಟು ಮಿಲಿಮೀಟರ್ ಆಳ ಇಳಿದಿದೆ ಅನ್ನುವುದನ್ನು ವರದಿಯಲ್ಲಿ ನೋಡಿ, ಮುಂದಿನ ಚಿಕಿತ್ಸೆ ಬಹುಮಟ್ಟಿಗೆ ಅದರ ಮೇಲೆ ನಿಂತಿದೆ. ವರದಿಯ ಜೊತೆಗೆ ಸ್ಲೈಡ್, ಬ್ಲಾಕ್ (ಲ್ಯಾಬಿನವರು ಮೇಣದಲ್ಲಿ ಕಾಪಿಟ್ಟ ತುಣುಕು) ಕೂಡ ಕೇಳಿ ಪಡೆದುಕೊಳ್ಳಿ. ಬೆಂಗಳೂರಿನ ಕಿದ್ವಾಯಿಯಂಥ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗೆ ಹೋದಾಗ ಅಲ್ಲಿನವರು ಅವನ್ನು ಮತ್ತೊಮ್ಮೆ ನೋಡಬೇಕಾಗಬಹುದು.