ಪಟ್ಟ ಕಳೆದುಕೊಂಡ ಮಾಂತ್ರಿಕ, ಹೊಸ ಶಿಷ್ಯೆ: 20 ಪುಟದ ಕಾಮಿಕ್ ಕಟ್ಟುವುದು ಹೇಗೆ

ಮಾಂತ್ರಿಕನ ಕಾಮಿಕ್ ಬರೆಯಲು ಕೂತವರಿಗೆ ಮೊದಲು ಎದುರಾಗುವ ತೊಡಕು ಇದು: ಎಲ್ಲವನ್ನೂ ಮಾಡಬಲ್ಲವನಿಗೆ ಕಷ್ಟ ಎಲ್ಲಿಂದ ತರುವುದು? ಮಾರ್ವೆಲ್‌ನ ಡಾಕ್ಟರ್ ಸ್ಟ್ರೇಂಜ್ 1963ರಲ್ಲಿ ಕಾಣಿಸಿಕೊಂಡವನು. 2009ರಲ್ಲಿ ಅವನ ಸರ್ವೋಚ್ಚ ಮಾಂತ್ರಿಕ ಪಟ್ಟವನ್ನು ಕಿತ್ತು ಬ್ರದರ್ ವೂಡೂ ಎಂಬ ಇನ್ನೊಬ್ಬ ಮಾಂತ್ರಿಕನಿಗೆ ಕೊಟ್ಟರು. ಅದರ ಬೆನ್ನಿಗೇ ಬಂದ ನಾಲ್ಕು ಸಂಚಿಕೆಗಳ ಕಿರುಸರಣಿಯಲ್ಲಿ ಸ್ಟ್ರೇಂಜ್ ಕೇಸಿ ಕಿನ್‌ಮಾಂಟ್ ಎಂಬ ಹುಡುಗಿಗೆ ಗುರುವಾದ. ಕಥೆಗಾರರು ಈ ಜೋಡಿಯನ್ನು ಇಷ್ಟಪಡುವುದಕ್ಕೆ ಕಾರಣವಿದೆ. ತಿಳಿವಳಿಕೆ ಒಬ್ಬರ ಬಳಿ, ಶಕ್ತಿ ಇನ್ನೊಬ್ಬರ ಬಳಿ. ಏನು ಮಾಡಬೇಕೆಂದು ಹಳಬನಿಗೆ ಗೊತ್ತು, ಮಾಡಲಾರ. ಹೊಸಬಳು ಮಾಡಬಲ್ಲಳು, ಆದರೆ ಏನು ಮಾಡಬೇಕೋ ಗೊತ್ತಿಲ್ಲ. ಈ ಹಂಚಿಕೆ ಎಲ್ಲಿ ಸಡಿಲವಾಯಿತೋ ಅಲ್ಲಿಗೆ ಕಥೆ ಸತ್ತಿತು. ಆದ್ದರಿಂದ ಮುಂದಿನ ಪ್ರತಿ ಹಂತದಲ್ಲೂ ಅದನ್ನೇ ಕಾಯಬೇಕು.

ಹೋದದ್ದು, ಉಳಿದದ್ದು

ಸ್ಕ್ರಿಪ್ಟ್ ಮುಟ್ಟುವ ಮೊದಲು ಒಂದು ಹಾಳೆಯನ್ನು ಎರಡು ಭಾಗ ಮಾಡಿ. ಎಡಕ್ಕೆ ಗುರು ಕಳೆದುಕೊಂಡ ಮೂರು ಸಂಗತಿ, ಬಲಕ್ಕೆ ಅವನಲ್ಲಿ ಉಳಿದ ಮೂರು. ‘ಶಕ್ತಿ ಹೋಯಿತು’ ಎಂದು ಬರೆದರೆ ಸಾಲದು. ಬಲಗೈಯ ಉಂಗುರದ ಬೆರಳು ಪೂರ್ತಿ ಮಡಚುವುದಿಲ್ಲ, ಹಾಗಾಗಿ ಮುದ್ರೆ ಕೂಡುವುದಿಲ್ಲ: ಇಷ್ಟು ನಿರ್ದಿಷ್ಟವಾಗಿರಲಿ. ಉಳಿದವುಗಳಲ್ಲಿ ಒಂದಾದರೂ ಅಪಾಯ ತರುವಂಥದ್ದಾಗಬೇಕು. ಹಳೆಯ ವೈರಿಗಳಿಗೆ ಅವನ ಹೆಸರು ಇನ್ನೂ ನೆನಪಿದೆ, ಅವನ ಶಕ್ತಿ ಕುಂದಿರುವುದು ಮಾತ್ರ ಅವರಿಗೆ ತಿಳಿದಿಲ್ಲ. ಇದೊಂದರಿಂದಲೇ ಆರು ಪುಟದ ಕಥೆ ಎಳೆಯಬಹುದು.

ಅವನು ಬಿದ್ದದ್ದು ಏಕೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದಿಡಿ. ಅದು ಅವನೇ ತೆಗೆದುಕೊಂಡ ನಿರ್ಧಾರದ ಫಲವಾಗಿರಲಿ. ಬರೀ ಅಪಘಾತವಾದರೆ ಓದುಗ ಅಯ್ಯೋ ಪಾಪ ಎನ್ನುತ್ತಾನೆ, ಅನುಮಾನಪಡುವುದಿಲ್ಲ. ಅನುಮಾನವಿಲ್ಲದೆ ಶಿಷ್ಯೆ ಅವನನ್ನು ನಂಬುವುದಕ್ಕೂ ಬೆಲೆಯಿಲ್ಲ.

ಚಿತ್ರಕ್ಕೆ ಸಿಗುವ ನಿಯಮಗಳು

ಮಂತ್ರಕ್ಕೆ ಮೂರು ನಿಯಮ ಸಾಕು, ಆದರೆ ಮೂರನ್ನೂ ಚಿತ್ರದಲ್ಲಿ ತೋರಿಸಲು ಬರಬೇಕು. ‘ಏಕಾಗ್ರತೆ ಬೇಕು’ ಎಂಬುದನ್ನು ಯಾರೂ ಬಿಡಿಸಲಾರರು. ಹಾಗೆ ಮಾಡಹೋದರೆ ಪುಟದ ತುಂಬ ಮುಚ್ಚಿದ ಕಣ್ಣುಗಳೇ ಉಳಿಯುತ್ತವೆ. ‘ಎರಡೂ ಕೈ ಖಾಲಿಯಿರಬೇಕು’ ಎಂಬ ನಿಯಮವನ್ನಾದರೆ ಬಿಡಿಸಬಹುದು. ಮೇಲಾಗಿ ಅದು ತಾನೇ ಇಕ್ಕಟ್ಟುಗಳನ್ನು ಹುಟ್ಟಿಸುತ್ತದೆ: ಒಂದು ಕೈಯಲ್ಲಿ ಮಗುವನ್ನು ಎತ್ತಿಕೊಂಡವಳು ಏನು ಮಾಡಬೇಕು? ಬೆಲೆಯೂ ಕಣ್ಣಿಗೆ ಕಾಣಲಿ. ಒಂದು ಮಂತ್ರಕ್ಕೆ ಒಂದು ಎಳೆ ಕೂದಲು ನರೆಯುತ್ತದೆ ಎಂದಿಟ್ಟರೆ, ಯಾವ ಪುಟದಲ್ಲಿ ಎಷ್ಟು ಎಳೆ ಎಂದು ಪಟ್ಟಿ ಮಾಡಿ ಬಣ್ಣ ಹಾಕುವವರಿಗೆ ಕೊಡಿ. ಪಟ್ಟಿ ಇಲ್ಲದಿದ್ದರೆ 9ನೇ ಪುಟದಲ್ಲಿ ನರೆತ ಕೂದಲು 14ರಲ್ಲಿ ಕಪ್ಪಾಗುವುದು ಖಂಡಿತ.

ಮಂತ್ರ ಕೈಕೊಟ್ಟಾಗಲೂ ಕಾರಣ ಈ ನಿಯಮಗಳಲ್ಲೇ ಸಿಗಬೇಕು. ಸುಮ್ಮನೆ ಕೈಕೊಟ್ಟರೆ ಅದು ಕಥೆಗಾರನ ಅನುಕೂಲ ಅಷ್ಟೇ.

ಪುಟಗಳ ಲೆಕ್ಕ

ಅಚ್ಚಿನಲ್ಲಿ ಕಥೆಯ 1ನೇ ಪುಟ ಬಲಗಡೆ ಬಂದರೆ ಸಮಸಂಖ್ಯೆಯ ಪುಟಗಳೆಲ್ಲ ಹಾಳೆ ಮಗುಚಿದ ಮೇಲೆಯೇ ಕಾಣುತ್ತವೆ. ಬೆಚ್ಚಿಬೀಳಿಸುವ ಚಿತ್ರಗಳನ್ನು ಅಲ್ಲಿಗೇ ಇಡಿ. ಮೊದಲ ಮೂರು ಪುಟ ಗುರುವಿನ ಈಗಿನ ಸ್ಥಿತಿಗೆ: ಹಿಂದೆ ಚಿಟಿಕೆ ಹೊಡೆದು ಮಾಡುತ್ತಿದ್ದ ಕೆಲಸವನ್ನು ಈಗ ಮೈಮುರಿದು ಮಾಡುತ್ತಿದ್ದಾನೆ. 4 ಮತ್ತು 5ರಲ್ಲಿ ಶಿಷ್ಯೆಯ ಪ್ರವೇಶ, 6ರಿಂದ 8 ಪಾಠ, 9ರಿಂದ 11 ಮೊದಲ ಗೆಲುವು ಮತ್ತು ಅದರಿಂದ ತಲೆಗೇರಿದ ಹುಮ್ಮಸ್ಸು. ಗುರು ಬಿದ್ದ ಕಾರಣ 12ರಲ್ಲಿ ಹೊರಬೀಳಲಿ, ಅದಕ್ಕೆ ಮುಂಚೆ ಬೇಡ. 17ರವರೆಗೆ ಮುಖಾಮುಖಿ. 18 ಮತ್ತು 19 ಬೆಲೆ ತೆರುವುದಕ್ಕೆ, ಕೊನೆಯ ಪುಟ ಓದುಗನನ್ನು ಮುಂದಿನ ಸಂಚಿಕೆಗೆ ಎಳೆಯುವ ಕೊಕ್ಕೆಗೆ.

ಪುಟಕ್ಕೆ ಐದಾರು ಪ್ಯಾನೆಲ್ (ಚಿತ್ರದ ಚೌಕ), ಪ್ಯಾನೆಲ್‌ಗೆ ಒಂದೇ ಕ್ರಿಯೆ. ‘ಎದ್ದು, ಬಾಗಿಲು ತೆರೆದು, ಬೆಂಕಿ ಎಸೆದಳು’ ಎಂದರೆ ಅದು ಮೂರು ಪ್ಯಾನೆಲ್.

ಪಾಠದ ದೃಶ್ಯ

ಹೆಚ್ಚಿನವರು ಸೋಲುವುದು ಇಲ್ಲೇ. ಗುರು ನಿಂತು ಭಾಷಣ ಬಿಗಿಯುತ್ತಾನೆ, ಶಿಷ್ಯೆ ತಲೆದೂಗುತ್ತಾಳೆ, ಮಾತಿನ ಬಲೂನುಗಳು ಚಿತ್ರವನ್ನು ನುಂಗುತ್ತವೆ. ಪಾಠವೆಂದರೆ ಒಂದು ತಪ್ಪು ನಡೆದು, ಅದರ ಕಾರಣ ಗೊತ್ತಾಗುವುದು. ಮೇಲೆ ಹೇಳಿದ ಮಡಚದ ಬೆರಳನ್ನೇ ತೆಗೆದುಕೊಂಡರೆ 6ನೇ ಪುಟ ಹೀಗಾಗುತ್ತದೆ:

ಪ್ಯಾನೆಲ್ 1. ಹತ್ತಿರದ ನೋಟ, ಗುರುವಿನ ಬಲಗೈ. ತೋರುಬೆರಳು, ಕಿರುಬೆರಳು ನೆಟ್ಟಗಿವೆ. ನಡುಬೆರಳು ಮಡಚಿದೆ, ಉಂಗುರದ ಬೆರಳು ಅರ್ಧಕ್ಕೇ ನಿಂತಿದೆ. ಮಾತಿಲ್ಲ.

ಪ್ಯಾನೆಲ್ 2. ಶಿಷ್ಯೆಯ ಕೈ, ಅದೇ ಕೋನ. ಅರ್ಧಕ್ಕೆ ನಿಂತ ಬೆರಳನ್ನೂ ಸೇರಿಸಿ ಯಥಾವತ್ತು ನಕಲು ಮಾಡಿದ್ದಾಳೆ.
ಶಿಷ್ಯೆ: “ಹೀಗಾ ಗುರುಗಳೇ?”

ಪ್ಯಾನೆಲ್ 3. ಅಗಲವಾದ ಪ್ಯಾನೆಲ್. ಮೇಣದಬತ್ತಿ ಹಾಗೇ ಇದೆ, ಅದರ ಹಿಂದಿನ ಪರದೆ ಹೊತ್ತಿಕೊಂಡಿದೆ.

ಪ್ಯಾನೆಲ್ 4. ಪರದೆಯ ಬೆಳಕಿನಲ್ಲಿ ಗುರು ತನ್ನ ಕೈಯನ್ನು ನೋಡಿಕೊಳ್ಳುತ್ತಾನೆ. ಮಾತಿಲ್ಲ.

ಪ್ಯಾನೆಲ್ 5. ಅವಳ ಉಂಗುರದ ಬೆರಳನ್ನು ಅವನೇ ಹಿಡಿದು ಮಡಚುತ್ತಾನೆ.
ಗುರು: “ನನ್ನ ಕೈ ನೋಡಬೇಡ. ಹೇಳಿದ್ದು ಕೇಳು.”

ಒಟ್ಟು ಏಳೇ ಪದ. ಪ್ಯಾನೆಲ್ 1 ಮತ್ತು 2ರ ಕೋನ ಒಂದೇ ಆಗಿರದಿದ್ದರೆ ಈ ಪುಟ ಕೆಲಸ ಮಾಡುವುದಿಲ್ಲ, ನಕಲು ನಡೆದಿದೆ ಎಂದು ಕಣ್ಣಿಗೆ ಹೊಳೆಯಬೇಕಾದದ್ದು ಅಲ್ಲೇ. ತೋರುಬೆರಳು ಕಿರುಬೆರಳು ಚಾಚಿದ ಈ ಭಂಗಿ ಮೊದಲ ಚಿತ್ರಕಾರ ಸ್ಟೀವ್ ಡಿಟ್ಕೊ ಬಿಡಿಸಿದ ಸ್ಟ್ರೇಂಜ್‌ನದು. ನಿಮ್ಮ ಮಾಂತ್ರಿಕನಿಗೆ ಬೇರೊಂದನ್ನು ಹೊಂದಿಸಿಕೊಳ್ಳುವುದು ಮೇಲು. ಕೈ ಬಿಡಿಸಲು ನಿಮ್ಮದೇ ಕೈಯ ಫೋಟೋ ತೆಗೆದುಕೊಳ್ಳಿ. ಕನ್ನಡಿ ನೋಡಿ ಬಿಡಿಸಿದರೆ ಬಲಗೈ ಎಡಗೈಯಾಗುತ್ತದೆ.

ಮಾತಿನಲ್ಲಿ ಕನ್ನಡ ಕೊಡುವ ಸೌಲಭ್ಯವೊಂದನ್ನು ಬಿಡಬೇಡಿ. ಅವಳು ‘ನೀವು’, ಅವನು ‘ನೀನು’ ಎಂದೇ ಸಾಗಲಿ. 12ನೇ ಪುಟದಲ್ಲಿ ನಿಜ ತಿಳಿದಾಗ ಅವಳ ಬಾಯಲ್ಲಿ ಒಮ್ಮೆ ‘ನೀನು’ ಬರಲಿ. ಎರಡನೆಯ ಸಲ ಬಂದರೆ ಅದು ಬರೀ ಒರಟುತನ.

ಮುಖಾಮುಖಿ

ಕೊನೆಗಳಿಗೆಯಲ್ಲಿ ಗುರುವಿಗೆ ಶಕ್ತಿ ಮರಳಿ ಬಂದು ಎಲ್ಲರನ್ನೂ ಕಾಪಾಡಿದರೆ ಅಷ್ಟು ಪುಟದ ಶ್ರಮ ನೀರುಪಾಲು, ಶಿಷ್ಯೆ ಪ್ರೇಕ್ಷಕಿಯಾಗುತ್ತಾಳೆ. ಅವನು ‘ಉಳಿದದ್ದು’ ಪಟ್ಟಿಯಲ್ಲಿರುವುದನ್ನು ಮಾತ್ರ ಬಳಸಲಿ. ವೈರಿಗೆ ಇನ್ನೂ ಅವನ ಹೆಸರಿನ ಭಯವಿದೆಯಲ್ಲ, ಬರಿಗೈಯಲ್ಲಿ ನಡೆದು ಹೋಗಿ ಎದುರು ನಿಲ್ಲುತ್ತಾನೆ. ಅವನ ಬಂಡವಾಳ ಬಯಲಾಗುವಷ್ಟರಲ್ಲಿ ಅವಳು ಎರಡೂ ಕೈ ಖಾಲಿ ಮಾಡಿಕೊಳ್ಳಬೇಕು.

ಹಾಳೆ, ಇಂಕ್, ಅಕ್ಷರ

ಮೊದಲು 20 ಪುಟಕ್ಕೂ ಅಂಗೈ ಅಗಲದ ಕಚ್ಚಾ ಚಿತ್ರ (ಥಂಬ್‌ನೇಲ್) ಗೀಚಿ, ಮಾತಿಲ್ಲದೆ ಯಾರಿಗಾದರೂ ತೋರಿಸಿ. ಶಕ್ತಿ ಯಾರದು, ತಿಳಿವಳಿಕೆ ಯಾರದು ಎಂದು ಅವರು ಹೇಳಲಾರದಿದ್ದರೆ ಪುಟಗಳನ್ನು ಮತ್ತೆ ಜೋಡಿಸಿ. ಅಂತಿಮ ಚಿತ್ರಕ್ಕೆ 11×17 ಇಂಚಿನ ಹಾಳೆ, ಚಿತ್ರದ ಜಾಗ 10×15 ಇಂಚು. ಅಚ್ಚಿನಲ್ಲಿ ಅದು ಸುಮಾರು ಮೂರನೇ ಎರಡು ಭಾಗಕ್ಕೆ ಕುಗ್ಗುವುದರಿಂದ ಕೂದಲೆಳೆಯಂಥ ಗೆರೆಗಳು ಮಾಯವಾಗುತ್ತವೆ. ಅವಳ ಮಂತ್ರದ ಗೆರೆ ಅಂಕುಡೊಂಕಾಗಿರಲಿ. ಹಳೆಯ ನೆನಪುಗಳಲ್ಲಿ ಬರುವ ಅವನ ಮಂತ್ರ ಕೈವಾರ ಹಿಡಿದು ಎಳೆದಂತೆ ದುಂಡಗಿರಲಿ.

ಬಲೂನಿಗೆ ಹನ್ನೆರಡು ಹದಿನೈದು ಪದ ದಾಟದಿರಲಿ, ನಮ್ಮ ಪದಗಳು ಉದ್ದ. ಒತ್ತಕ್ಷರಗಳು ಕೆಳಗಿನ ಸಾಲಿಗೆ ತಾಗದಂತೆ ಸಾಲಿನ ಅಂತರ ಅಕ್ಷರದ ಅಳತೆಯ 130ರಿಂದ 140 ಶೇಕಡಾ ಇಡಿ. ಫೋಟೋಶಾಪ್‌ನ ಹಳೆಯ ಆವೃತ್ತಿಯಲ್ಲಿ ಒತ್ತುಗಳು ಬಿಡಿಬಿಡಿಯಾಗಿ ಕಂಡರೆ ಟೈಪ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಲೇಔಟ್ ಆನ್ ಮಾಡಬೇಕು. ಡಿಸಿ ಕಾಮಿಕ್ಸ್‌ನ ಮಾಂತ್ರಿಕೆ ಜಟಾನಾಳ ಹಾಗೆ ಮಂತ್ರವನ್ನು ತಿರುಗುಮುರುಗಾಗಿ ಹೇಳಿಸುವ ಆಸೆಯಿದ್ದರೆ, ಇಡೀ ಅಕ್ಷರಗಳನ್ನೇ ತಿರುಗಿಸಿ: ‘ಮರಳು’ ‘ಳುರಮ’ ಆಗುತ್ತದೆ, ಬಾಯಿಗೂ ಬರುತ್ತದೆ. ‘ರಕ್ತ’ ತಿರುಗಿಸಿದರೆ ‘ಕ್ತರ’, ನಾಲಿಗೆ ತೊಡರುತ್ತದೆ. ಒತ್ತಿಲ್ಲದ ಪದಗಳನ್ನೇ ಆರಿಸಿಕೊಳ್ಳಿ.