ರುಚಿಯ ಹಿಂದಿರುವ ಜಾಗ: ತಿನ್ನುವ ಅಭ್ಯಾಸವನ್ನು ತಿದ್ದಿಕೊಳ್ಳುವ ಒಂದು ದಾರಿ

ತಿನ್ನಬೇಕೆಂಬ ಆಸೆ ನಾಲಗೆಯಲ್ಲಿಯೇ ಹುಟ್ಟುತ್ತದೆ ಎಂದು ನಂಬಿರುವುದರಿಂದ, ಅಭ್ಯಾಸ ಬದಲಿಸಲು ಹೊರಟವರು ಸಾಮಾನ್ಯವಾಗಿ ನಾಲಗೆಯೊಡನೆಯೇ ಗುದ್ದಾಡುತ್ತಾರೆ. ನನ್ನ ಅಭಿಪ್ರಾಯದಲ್ಲಿ ಮೊದಲು ನೋಡಬೇಕಾದದ್ದು ಜಾಗವನ್ನು. ರುಚಿಯನ್ನು ಗುರುತಿಸುವುದರಲ್ಲಿ ಮಿದುಳಿನ ಇನ್ಸುಲಾ ಎಂಬ ಭಾಗಕ್ಕೆ ಮುಖ್ಯ ಪಾತ್ರವಿದ್ದರೆ, ನಾವು ಎಲ್ಲಿದ್ದೇವೆ ಎಂಬುದನ್ನು ದಾಖಲಿಸುವುದರಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಮತ್ತೊಂದು ಭಾಗಕ್ಕೆ ಆ ಪಾತ್ರವಿದೆ. ಇಲಿ ನಿರ್ದಿಷ್ಟ ಜಾಗಕ್ಕೆ ಬಂದಾಗ ಮಾತ್ರ ಚುರುಕಾಗುವ ನರಕೋಶಗಳನ್ನು ನರವಿಜ್ಞಾನಿ ಜಾನ್ ಓಕೀಫ್ 1971ರಲ್ಲಿ ಹಿಪ್ಪೊಕ್ಯಾಂಪಸ್‌ನಲ್ಲಿಯೇ ಕಂಡುಕೊಂಡರು. ಆ ಕೆಲಸಕ್ಕೆ 2014ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಊಟದ ನೆನಪಿನಲ್ಲಿ ರುಚಿ, ವಾಸನೆ, ಜಾಗ ಎಲ್ಲವೂ ಒಟ್ಟಿಗೆ ಹೆಣೆದುಕೊಳ್ಳುವುದರಿಂದ, ಒಂದು ಎಳೆಯನ್ನು ಎಳೆದರೆ ಉಳಿದವೂ ಎದ್ದು ಬರುತ್ತವೆ.

ಆದ್ದರಿಂದ ಒಂದು ವಾರ ಏನನ್ನೂ ಬದಲಿಸದೆ ಬರೆದಿಡಿ. ತಿಂದದ್ದರ ಪಟ್ಟಿ ಬೇಡ; ತಿನ್ನಬೇಕೆನಿಸಿದ ಕ್ಷಣದಲ್ಲಿ ಎಲ್ಲಿದ್ದಿರಿ, ಯಾವ ಕಡೆ ಮುಖ ಮಾಡಿ ಕುಳಿತಿದ್ದಿರಿ, ನಿಜವಾಗಿ ಹಸಿದಿತ್ತೇ ಎಂಬಷ್ಟೇ ಸಾಕು. ನಾನು ಹೀಗೆ ಬರೆದಾಗ ಬಿಸ್ಕತ್ತಿನ ಆಸೆಯೆಲ್ಲ ಕಿಟಕಿಯ ಪಕ್ಕದ ಒಂದೇ ಕುರ್ಚಿಗೆ ಅಂಟಿಕೊಂಡಿರುವುದು ಕಂಡಿತು: ಕುಳಿತು ಬೆನ್ನು ಒರಗಿಸುವಷ್ಟರಲ್ಲಿ ಎಡಗೈ ಡಬ್ಬಿಯ ಮುಚ್ಚಳದ ಮೇಲಿರುತ್ತಿತ್ತು, ಬಾಯಲ್ಲಿ ನೀರೂರುವುದು ಆಮೇಲಿನ ಮಾತು.

ಎರಡನೆಯದಾಗಿ, ಅದೇ ತಿನಿಸನ್ನು ಅಷ್ಟೇ ಪ್ರಮಾಣದಲ್ಲಿ, ಎಂದೂ ತಿನ್ನದ ಜಾಗದಲ್ಲಿ ಕುಳಿತು ತಿನ್ನಿ. ಅಲ್ಲಿಯೂ ಅಷ್ಟೇ ಹಿತವೆನಿಸಿದರೆ ಆಸೆ ರುಚಿಯದು; ಸಪ್ಪೆಯೆನಿಸಿದರೆ ಅದರಲ್ಲಿ ಜಾಗದ ಪಾಲು ದೊಡ್ಡದು. ಮನೋವಿಜ್ಞಾನಿಗಳಾದ ಡೇವಿಡ್ ನೀಲ್, ವೆಂಡಿ ವುಡ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಆಧಾರ. ಚಿತ್ರಮಂದಿರದಲ್ಲಿ ಪಾಪ್‌ಕಾರ್ನ್ ತಿಂದು ರೂಢಿಯಾದವರು, ಏಳು ದಿನ ಹಳೆಯದಾದ ಪಾಪ್‌ಕಾರ್ನ್ ಕೊಟ್ಟರೂ, ರುಚಿಯಿಲ್ಲವೆಂದು ತಿಳಿದೂ, ತಾಜಾ ಸಿಕ್ಕವರಷ್ಟೇ ತಿಂದರು. ಸಭಾಕೊಠಡಿಯಲ್ಲಿ ಹಾಗಾಗಲಿಲ್ಲ. ಚಿತ್ರಮಂದಿರದಲ್ಲಿಯೇ ರೂಢಿಯಿಲ್ಲದ ಕೈಯಿಂದ ತಿನ್ನುವಂತೆ ಹೇಳಿದಾಗಲೂ ಹಳಸಿದ್ದನ್ನು ಕಡಿಮೆ ತಿಂದರು. ಕುರ್ಚಿ ಬದಲಿಸಲಾಗದವರು ಕೈ ಬದಲಿಸಬಹುದು.

ಹೊಸ ರುಚಿಯನ್ನು ಒಗ್ಗಿಸಿಕೊಳ್ಳುವಾಗ ಹೆಚ್ಚಿನ ಎಚ್ಚರ ಬೇಕು, ಏಕೆಂದರೆ ಮಿದುಳು ಹೊಸ ರುಚಿಯನ್ನು ಅನುಮಾನದಿಂದಲೇ ಬರಮಾಡಿಕೊಳ್ಳುತ್ತದೆ. ಸ್ಯಾಕರಿನ್ ಬೆರೆಸಿದ ಸಿಹಿನೀರು ಕುಡಿಯುವಾಗ, ಹೊಟ್ಟೆ ತೊಳಸುವಂತೆ ಮಾಡುವ ವಿಕಿರಣಕ್ಕೆ ಒಳಗಾದ ಇಲಿಗಳು ಮುಂದೆ ಆ ನೀರನ್ನೇ ದೂರವಿಟ್ಟದ್ದನ್ನು ಮನೋವಿಜ್ಞಾನಿ ಜಾನ್ ಗಾರ್ಸಿಯಾ 1955ರಲ್ಲಿ ತೋರಿಸಿದರು. ಹೊಟ್ಟೆ ತೊಳಸುವುದಕ್ಕೂ ರುಚಿಗೂ ಬೀಳುವ ಈ ಗಂಟು, ನಡುವೆ ಕೆಲವು ಗಂಟೆಗಳು ಕಳೆದಿದ್ದರೂ, ಒಂದೇ ಸಲಕ್ಕೆ ಬಿಗಿಯಬಲ್ಲದು. ಇಷ್ಟವಾಗಲಿ ಎಂದು ಬಯಸುವ ಹೊಸ ಆಹಾರವನ್ನು ಜ್ವರದಲ್ಲಿಯೋ, ಪ್ರಯಾಣದ ವಾಕರಿಕೆಯಲ್ಲಿಯೋ, ಆಸ್ಪತ್ರೆಯ ಹಾಸಿಗೆಯಲ್ಲಿಯೋ ಮೊದಲ ಬಾರಿ ತಿನ್ನಬೇಡಿ. ಕೀಮೋಥೆರಪಿಗೆ ಮುನ್ನ ಹೊಸ ರುಚಿಯ ಐಸ್‌ಕ್ರೀಂ ತಿಂದ ಮಕ್ಕಳಿಗೆ ಮುಂದೆ ಆ ರುಚಿ ಬೇಡವಾದದ್ದನ್ನು ಮನೋವಿಜ್ಞಾನಿ ಐಲೀನ್ ಬರ್ನ್‌ಸ್ಟೀನ್ 1978ರಲ್ಲಿ ದಾಖಲಿಸಿದ್ದಾರೆ. ಮನೆಯಲ್ಲಿ ಅಂಥ ಚಿಕಿತ್ಸೆ ಪಡೆಯುತ್ತಿರುವವರಿದ್ದರೆ, ಅವರ ಅಚ್ಚುಮೆಚ್ಚಿನ ತಿನಿಸನ್ನು ಆ ಹೊತ್ತಿಗೆ ಕೊಡದೆ ಉಳಿಸಿ; ಪ್ರೀತಿಯಿಂದ ಕೊಟ್ಟದ್ದೇ ಅವರಿಗೆ ಬೇಡವಾಗಿಬಿಡುವುದು ನಿಜಕ್ಕೂ ನೋವಿನ ಸಂಗತಿ.

ಕೊನೆಯದು ಹಲವರು ಮುಗ್ಗರಿಸುವ ಹಂತ. ಒಂದು ಜಾಗದಲ್ಲಿ ಬಿಟ್ಟ ಅಭ್ಯಾಸ ಎಲ್ಲ ಕಡೆಯೂ ಬಿಟ್ಟುಹೋಗಿರುವುದಿಲ್ಲ. ಹಳೆಯ ನೆನಪು ಅಳಿಯದೆ, ಅದರ ಮೇಲೆ ಆ ಜಾಗಕ್ಕೆ ಸೀಮಿತವಾದ ಹೊಸ ಕಲಿಕೆ ಕೂರುತ್ತದೆ. ಅಡುಗೆಮನೆಯಲ್ಲಿ ಗೆದ್ದವರು ಕಚೇರಿಯ ಮೇಜಿನ ಮುಂದೆ ಸೋಲುವುದು ಇದರಿಂದಲೇ. ಹಾಗಾಗಿ ಬರೆದಿಟ್ಟ ಜಾಗಗಳನ್ನು ಒಂದೊಂದಾಗಿ ತೆಗೆದುಕೊಂಡು, ಪ್ರತಿಯೊಂದರಲ್ಲಿಯೂ ಹೊಸ ಆಯ್ಕೆಯನ್ನು ಹಲವು ಸಲ ಬೇರೆಬೇರೆಯಾಗಿ ರೂಢಿಸಿಕೊಳ್ಳಿ, ಆಸೆ ಅತಿ ಬಲವಾಗಿರುವ ಜಾಗವನ್ನು ಕೊನೆಗೆ ಇಟ್ಟುಕೊಳ್ಳಿ.